ತಂತಿ ಬಂತು, ಒಡೆತನ ಯಾರದು?

(ಬಂಗಾರಪೇಟೆಯಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿಗೇ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳಲ್ಲಿ ಬಹುಕಾಲ ಬುಡ್ಡಿದೀಪವೇ ಉಳಿಯಿತು. ತಪ್ಪು ತಂತಿಯದಲ್ಲ, ಅದನ್ನು ಯಾರ ಲಾಭಕ್ಕೆ ಎಳೆದರು ಎಂಬುದೇ ಪ್ರಶ್ನೆ. 2001ರಲ್ಲಿ ಗಣಿ ಮುಚ್ಚಿತು. ಪ್ರಶ್ನೆ ಉಳಿದಿದೆ.

ಈಗ ಕಣ್ಣಿಗೆ ಕಾಣದ ಇನ್ನೊಂದು ತಂತಿ ಬಂದಿದೆ. ಕೈಯಲ್ಲಿ ಮೊಬೈಲ್ ಇದ್ದರೆ ರೈತನೇ ಉದ್ಯಮಿ ಎನ್ನುತ್ತಾರೆ. ಈ ಮಾತನ್ನು ಪರೀಕ್ಷಿಸೋಣ.

2000ದ ಸುಮಾರಿಗೆ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಪಹಣಿಗಾಗಿ ಗ್ರಾಮಲೆಕ್ಕಿಗರ ಬಾಗಿಲು ಕಾಯುವುದು ತಪ್ಪಿತು. ಇದು ಒಳ್ಳೆಯದೇ, ಒಪ್ಪಬೇಕು. ಆದರೆ ಬಾಯಿಮಾತಿನ ಗುತ್ತಿಗೆಯಲ್ಲಿ ಹೊಲ ಮಾಡುವವನ ಹೆಸರು ಆ ಪಹಣಿಯಲ್ಲಿಲ್ಲ. ಹೆಸರಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲ ಹುಟ್ಟುವುದು ಕಷ್ಟ. ಅವನು ಉದ್ಯಮಿಯಾಗುವುದು ಹೇಗೆ?

ಕೋಲಾರದ ಟೊಮೇಟೊ ಮಾರುಕಟ್ಟೆಯನ್ನೇ ನೋಡಿ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ದರ 2 ಸಾವಿರ ರೂಪಾಯಿ ದಾಟಿತು, ಸೆಪ್ಟೆಂಬರಿಗೆ ನೆಲಕಚ್ಚಿತು. ಎರಡೂ ದರಗಳನ್ನು ರೈತ ಮೊಬೈಲಿನಲ್ಲಿ ಕಂಡ. ಕಂಡು ಮಾಡುವುದೇನು? ಹಣ್ಣಾದ ಟೊಮೇಟೊ ಒಳ್ಳೆಯ ದರಕ್ಕೆ ಕಾಯುವುದಿಲ್ಲ. ಗೊಬ್ಬರಕ್ಕೆ, ಕಡ್ಡಿಗೆ ಮಂಡಿಯಿಂದ ಮುಂಗಡ ತಂದವನು ಅದೇ ಮಂಡಿಯಲ್ಲಿ ಬಾಕ್ಸ್ ಇಳಿಸಬೇಕು. 2016ರಲ್ಲಿ ಕೇಂದ್ರ ಸರ್ಕಾರ 'ಇ-ನಾಮ್' ಎಂಬ ರಾಷ್ಟ್ರೀಯ ಪೇಟೆ ತೆರೆಯಿತು. ದೂರದ ಖರೀದಿದಾರನೂ ಬೆಲೆ ಹೇಳಬಹುದು, ನಿಜ. ಸಾಲಕ್ಕೆ ಕಟ್ಟುಬಿದ್ದ ಕೈಗೆ ಆ ಪೇಟೆ ಎಟುಕುವುದಿಲ್ಲ.

ಇದು ರೈತನೊಬ್ಬನ ಪಾಡಲ್ಲ. ಮುಂಜಾನೆ ಇಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಕಾರ್ಮಿಕ ಕೊಳ್ಳುವುದು ಇದೇ ಟೊಮೇಟೊ. ಸಣ್ಣ ವ್ಯಾಪಾರಿ ಮಾರುವುದೂ ಇದೇ. ಇಂದು ದೊಡ್ಡ ಬಂಡವಾಳದ ಕಂಪನಿಗಳು ಮೊಬೈಲಿನಲ್ಲೇ ತರಕಾರಿ ಮಾರುತ್ತಿವೆ. ಯಾರು ಏನು ಕೊಂಡರು, ಎಷ್ಟಕ್ಕೆ ಕೊಂಡರು ಎಂಬ ಲೆಕ್ಕವೆಲ್ಲ ಅವರ ಬಳಿ ಸೇರುತ್ತಿದೆ. ಲೆಕ್ಕ ಯಾರ ಕೈಯಲ್ಲೋ ಪೇಟೆ ಅವರ ಕೈಯಲ್ಲಿ.

ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಉಳುವವನಿಗೆ ಸಾಲ ಸಿಗಲಿ. ರೈತರ ಸಹಕಾರ ಸಂಘಕ್ಕೆ ಸ್ವಂತ ತಂಪು ಗೋದಾಮು, ಸ್ವಂತ ಲಾರಿ, ಸ್ವಂತ ಕಂಪ್ಯೂಟರ್ ಇರಲಿ. ಆ ಸಂಘದಿಂದ ಸಣ್ಣ ವ್ಯಾಪಾರಿ ನೇರವಾಗಿ ಕೊಳ್ಳಲಿ. ನಮ್ಮ ಹಳ್ಳಿಗಳಲ್ಲಿ ಒಂದೇ ಹಸು ಸಾಕಿದ ತಾಯಿಯೂ ಡೇರಿಯಲ್ಲಿ ಹಾಲು ಅಳೆದು ತನ್ನ ಲೆಕ್ಕ ತಾನು ನೋಡಿಕೊಳ್ಳುತ್ತಾಳೆ. ಹಾಲಿಗೆ ಆದದ್ದು ಟೊಮೇಟೊಗೆ ಏಕೆ ಆಗಬಾರದು?

ಅಂದು ತಂತಿ ನಮ್ಮ ತಲೆಯ ಮೇಲೆ ಹಾದುಹೋಯಿತು. ಈ ಸಲ ಹಾಗೆ ಹೋಗಲು ಬಿಡಬಾರದು.