ಹೆಬ್ಬೆಟ್ಟು ಒತ್ತುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇರುವವಳು. ಆ ಅರ್ಹತೆಯಿಂದಲೇ ಎರಡು ಮಾತು ಹೇಳುತ್ತೇನೆ.

ನಮ್ಮವ್ವನಿಗೂ ಇದೇ ಕಾಯಿಲೆ ಇತ್ತು. ಒಮ್ಮೆ ಯಾರೋ ಸಂಶೋಧನೆಯವರು ಬಂದು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ರಕ್ತ ತೆಗೆದುಕೊಂಡು ಹೋದರು. ತಿರುಗಿ ಬರಲಿಲ್ಲ. "ನನ್ನ ರಕ್ತದಲ್ಲಿ ಏನು ಸಿಕ್ತಂತೆ?" ಎಂದು ಅವ್ವ ಬಹಳ ದಿನ ಕೇಳುತ್ತಿದ್ದಳು.

ಹಾಗಾಗಿ ಮುಂದೆ ಇನ್ನೊಂದು ತಂಡ ನನ್ನ ಬಳಿ ಬಂದಾಗ ಆಗುವುದಿಲ್ಲ ಎಂದುಬಿಟ್ಟೆ. ಬಂದಿದ್ದ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. "ರಕ್ತ ಬೇಡಿ ಅಮ್ಮ, ಈ ಪ್ರಶ್ನೆಗಳು ಸರಿಯಿವೆಯಾ ನೋಡಿಕೊಡಿ" ಎಂದಳು. ನಾವು ಆರು ಜನ ಹೆಂಗಸರು ಕೂತು ನೋಡಿದೆವು. ದಿನಕ್ಕೆ ಎಷ್ಟು ಗ್ರಾಂ ಅನ್ನ ತಿನ್ನುತ್ತೀರಿ ಎಂದಿತ್ತು. ನಮಗೆ ಗೊತ್ತಿರುವುದು ಮುದ್ದೆಯ ಲೆಕ್ಕ, ಸೌಟಿನ ಲೆಕ್ಕ. ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿತ್ತು. ಕೂಲಿಗೆ ಹೋಗುವವರು ಆರಕ್ಕೇ ಮನೆ ಬಿಡುತ್ತಾರೆ ಎಂದೆವು. ಮಾತ್ರೆ ತಪ್ಪಿಸುತ್ತೀರಾ ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ತಿಂಗಳ ಕೊನೆಗೆ ಮಾತ್ರೆಗೆ ದುಡ್ಡು ಉಳಿದಿರುತ್ತದಾ ಎಂದು ಕೇಳಿ ಎಂದೆವು. ಅವರು ಎಲ್ಲವನ್ನೂ ತಿದ್ದಿಕೊಂಡರು. ಆಮೇಲೆ ನಾನೇ ಕೈ ಚಾಚಿದೆ. ಕೆಲಸ ಮುಗಿದ ಮೇಲೆ ನಮ್ಮ ಬೀದಿಯಲ್ಲೇ ಕೂತು ಫಲಿತಾಂಶ ಹೇಳಿದರು. ಅದನ್ನು ಕೇಳಲು ಅವ್ವ ಇರಲಿಲ್ಲ.

ಸಂಶೋಧನೆ ಬೇಡ ಎನ್ನುವವಳಲ್ಲ ನಾನು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಅವರು ದೊಡ್ಡವರಾದ ಮೇಲೆ ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬುದು 1996ರಲ್ಲಿ ಪ್ರಕಟವಾಯಿತು. 1997-98ರಲ್ಲಿ ಅಲ್ಲೇ 830 ಗರ್ಭಿಣಿಯರು ಇನ್ನೊಂದು ಅಧ್ಯಯನಕ್ಕೆ ಸೇರಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು ಎಂದು ತಿಳಿದದ್ದು, ಆ ತಾಯಂದಿರು ಮಕ್ಕಳನ್ನು ಕರೆದುಕೊಂಡು ವರ್ಷಗಟ್ಟಲೆ ಬಂದದ್ದರಿಂದ. ಅಂಥವರನ್ನು ಬರಿಯ ಸಂಖ್ಯೆಯಾಗಿ ನೋಡಬಾರದು, ಪಾಲುದಾರರಾಗಿ ನೋಡಬೇಕು.

ಕಾನೂನೂ ನಮ್ಮ ಕಡೆಗಿದೆ. ಔಷಧ ಪ್ರಯೋಗಗಳ 2019ರ ನಿಯಮದಂತೆ ಅವನ್ನು ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು, ಅವರಲ್ಲಿ ಒಬ್ಬರಾದರೂ ನಮ್ಮಂಥ ಸಾಮಾನ್ಯರಿರಬೇಕು. ಒಪ್ಪಿಗೆ ಪತ್ರ ನಮಗೆ ತಿಳಿಯುವ ಭಾಷೆಯಲ್ಲಿರಬೇಕು. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು. ಅದರಿಂದ ನಮ್ಮ ಚಿಕಿತ್ಸೆಗೆ ತೊಂದರೆಯಾಗಬಾರದು.

ಮಕ್ಕಳೇ, ನನಗೆ ಓದು ಕಲಿಸಿದ್ದು ಈ ಶಾಲೆ. ನಾಳೆ ಯಾರಾದರೂ ನಿಮ್ಮ ಅಜ್ಜಿಯ ಮುಂದೆ ಕಾಗದ ಹಿಡಿದರೆ, ಹೆಬ್ಬೆಟ್ಟು ಒತ್ತುವ ಮುನ್ನ ಅದನ್ನು ಗಟ್ಟಿಯಾಗಿ ಓದಿ ಹೇಳಿ. "ಏನು ಗೊತ್ತಾಯಿತು ಎಂದು ಹೇಳಲು ಯಾವಾಗ ಬರುತ್ತೀರಿ?" ಎಂದು ಬಂದವರನ್ನು ಕೇಳಿ.