ಮಗುವಿನ ಲಿಂಗ ಮತ್ತು ತಂದೆಯ ಆರೋಗ್ಯ
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಹಸುಗಳ ಕೃತಕ ಗರ್ಭಧಾರಣೆಯ ವಿಷಯ ತಮಗೆಲ್ಲ ತಿಳಿದದ್ದೇ. ಈಚಿನ ವರ್ಷಗಳಲ್ಲಿ ಹೆಣ್ಣು ಕರುವೇ ಹುಟ್ಟಲೆಂದು ಲಿಂಗ ವಿಂಗಡಿಸಿದ ವೀರ್ಯದ ನಳಿಕೆಗಳೂ ದೊರೆಯುತ್ತಿವೆ. ಅಲ್ಲಿ ವಿಂಗಡಿಸುವುದು ಹೋರಿಯ ವೀರ್ಯವನ್ನೇ ಹೊರತು ಹಸುವಿನ ಅಂಡಾಣುವನ್ನಲ್ಲ. ವೀರ್ಯಾಣುಗಳಲ್ಲಿ ಎರಡು ಬಗೆ. ಎಕ್ಸ್ ವರ್ಣತಂತು ಹೊತ್ತದ್ದು ಅಂಡಾಣುವನ್ನು ಕೂಡಿದರೆ ಹೆಣ್ಣು, ವೈ ಹೊತ್ತದ್ದು ಕೂಡಿದರೆ ಗಂಡು. ಮನುಷ್ಯರಲ್ಲಿಯೂ ಇದೇ ನಿಯಮ. ಹಸುವಿನ ವಿಷಯದಲ್ಲಿ ಇದನ್ನು ನಂಬಿ, ಹಣ ಕೊಟ್ಟು ನಳಿಕೆ ಹಾಕಿಸುವ ಮನೆಯಲ್ಲೇ ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಹಂಗಿಸುವುದುಂಟು!

ಸಾಮಾನ್ಯವಾಗಿ 100 ಹೆಣ್ಣು ಮಕ್ಕಳಿಗೆ ಸುಮಾರು 105 ಗಂಡು ಮಕ್ಕಳು ಜನಿಸುತ್ತವೆ. ತಂದೆಯ ಜನನಾಂಗಗಳ ಆರೋಗ್ಯ ಕೆಟ್ಟರೆ ಈ ಪ್ರಮಾಣ ವ್ಯತ್ಯಾಸವಾಗಬಹುದೇ? ಈ ಪ್ರಶ್ನೆಗೆ ಸಿಕ್ಕಿರುವ ಮುಖ್ಯ ಪುರಾವೆಗಳಲ್ಲಿ ಒಂದು ಕೃಷಿ ಔಷಧಿಯಿಂದಲೇ ಬಂದಿದೆ.

ಬೇರುಗಂಟು ಜಂತುಹುಳುವಿನ ಹತೋಟಿಗೆ ಹಿಂದೆ ಡಿ.ಬಿ.ಸಿ.ಪಿ. ಎಂಬ ಔಷಧಿಯನ್ನು ಮಣ್ಣಿಗೆ ಸೇರಿಸಲಾಗುತ್ತಿತ್ತು. ಇಲಿಗಳಿಗೆ ಇದನ್ನು ಕೊಟ್ಟಾಗ ಅವುಗಳ ವೃಷಣ ಸೊರಗಿದ್ದು 1961ರಲ್ಲಿಯೇ ವರದಿಯಾಗಿತ್ತು. ಆದರೂ ಮಾರಾಟ ನಿಲ್ಲಲಿಲ್ಲ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಕೆಲಸಗಾರರು ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳುವಾಗ, ಯಾರಿಗೂ ಮಕ್ಕಳಾಗುತ್ತಿಲ್ಲವೆಂಬುದು ಅವರ ಗಮನಕ್ಕೆ ಬಂತು. ಪರೀಕ್ಷಿಸಿದಾಗ ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಇಲಿಗಳು ಹೇಳಿದ್ದನ್ನು ಕೇಳಿಸಿಕೊಳ್ಳಲು ಮನುಷ್ಯರಿಗೆ 16 ವರ್ಷ ಬೇಕಾಯಿತು. ಇಸ್ರೇಲಿನಲ್ಲಿ ಇಂತಹದೇ ಕೆಲಸಗಾರರನ್ನು ಅನೇಕ ವರ್ಷ ಗಮನಿಸಲಾಯಿತು. ಕೆಲವರಲ್ಲಿ ವೀರ್ಯಾಣುಗಳು ಮತ್ತೆ ಕಾಣಿಸಿಕೊಂಡು ಮಕ್ಕಳೂ ಆದವು. ಆದರೆ ಹಾಗೆ ಹುಟ್ಟಿದವರಲ್ಲಿ ಗಂಡು ಮಕ್ಕಳ ಪ್ರಮಾಣ ಕಡಿಮೆಯಿತ್ತು. ನಮ್ಮ ದೇಶದಲ್ಲಿ ಈ ಔಷಧಿ ಈಗ ನಿಷೇಧಿತ ಪಟ್ಟಿಯಲ್ಲಿದೆ.

ಎರಡನೆಯ ಪುರಾವೆ ಇಟಲಿಯದು. 1976ರ ಜುಲೈ 10ರಂದು ಸೆವೆಸೊ ಎಂಬ ಊರಿನ ಬಳಿ ರಾಸಾಯನಿಕ ಕಾರ್ಖಾನೆಯೊಂದರಿಂದ ಡಯಾಕ್ಸಿನ್ ಎಂಬ ವಿಷ ಹೊರಬಿತ್ತು. ಅತಿ ಹೆಚ್ಚು ವಿಷ ಬಿದ್ದ ವಲಯದ ತಂದೆ ತಾಯಿಯರಿಗೆ 1977ರಿಂದ 1984ರವರೆಗೆ 48 ಹೆಣ್ಣು, 26 ಗಂಡು ಮಕ್ಕಳಾದವು. 2000ದಲ್ಲಿ ಪ್ರಕಟವಾದ ಅಧ್ಯಯನದಂತೆ, ವಿಷ ತಗುಲಿದಾಗ ತಂದೆ 19 ವರ್ಷಕ್ಕೆ ಚಿಕ್ಕವನಿದ್ದಲ್ಲಿ ಈ ಪರಿಣಾಮ ಬಹಳ ಎದ್ದು ಕಂಡಿತು. ತಾಯಿಗೆ ಮಾತ್ರ ತಗುಲಿದ್ದಲ್ಲಿ ಅದು ಕಾಣಲಿಲ್ಲ. ಶಾಲೆಗೆ ರಜೆಯೆಂದು ಎಳೆಯ ಹುಡುಗರ ಬೆನ್ನಿಗೆ ಸಿಂಪರಣಾ ಪಂಪು ಕಟ್ಟುವವರು ಇದನ್ನು ಗಮನಿಸಬೇಕು.

ಇದು ಆಗುವ ಬಗೆ ಇನ್ನೂ ಇತ್ಯರ್ಥವಾಗಿಲ್ಲ. ವೈ ಹೊತ್ತ ವೀರ್ಯಾಣುಗಳಿಗೆ ಹೆಚ್ಚು ಪೆಟ್ಟು ಬೀಳಬಹುದು, ಇಲ್ಲವೆ ತಂದೆಯ ಹಾರ್ಮೋನುಗಳ ಏರುಪೇರು ಕಾರಣವಿರಬಹುದು ಎಂಬ ಊಹೆಗಳಿವೆ. ಇತರ ಪೀಡೆನಾಶಕಗಳ ಬಗ್ಗೆ ನಡೆದ ಅಧ್ಯಯನಗಳ ಫಲ ಒಂದೇ ರೀತಿ ಇಲ್ಲ.

ಹೀಗೆಂದು ಹೆಣ್ಣು ಹುಟ್ಟಿದ ಮನೆಯ ಗಂಡಸಿಗೆ ರೋಗವಿದೆಯೆಂದು ಯಾರೂ ತಿಳಿಯಬಾರದು. ಆರೋಗ್ಯವಂತರಲ್ಲಿಯೂ, ಮೂರು ಮಕ್ಕಳಿರುವ ಎಂಟು ಕುಟುಂಬಗಳಲ್ಲಿ ಸುಮಾರು ಒಂದರಲ್ಲಿ ಮೂವರೂ ಹೆಣ್ಣಾಗುವುದು ಕೇವಲ ಆಕಸ್ಮಿಕ. ನೂರಾರು ಜನನಗಳನ್ನು ಒಟ್ಟಿಗೆ ಎಣಿಸಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಗಂಡು ಸಂತಾನಕ್ಕೆಂದು ಮಾರುವ ಪುಡಿ, ಲೇಹ್ಯಗಳಿಗೆ ಯಾವ ಆಧಾರವೂ ಇಲ್ಲ. ಭ್ರೂಣದ ಲಿಂಗ ಪತ್ತೆಯಂತೂ 1994ರ ಕಾಯಿದೆಯ ಪ್ರಕಾರ ಅಪರಾಧ. ಇಲ್ಲಿ ಚಿಂತಿಸಬೇಕಾದದ್ದು ಹೆಣ್ಣು ಹೆಚ್ಚಿತೆಂದಲ್ಲ, ಗಂಡಸಿನ ದೇಹಕ್ಕೆ ನಂಜು ತಗುಲಿತೆಂದು.

ಔಷಧಿಯನ್ನು ಬರಿಗೈಯಲ್ಲಿ ಕಲಸಬಾರದು. ಸೋರುವ ಪಂಪಿನಿಂದ ಸೊಂಟ, ತೊಡೆಯ ಬಟ್ಟೆ ನೆನೆದರೆ ಕೆಲಸ ಮುಗಿಯಲೆಂದು ಕಾಯದೆ ಕೂಡಲೇ ಬಟ್ಟೆ ಬದಲಿಸಿ ಸೋಪು ಹಚ್ಚಿ ತೊಳೆಯಬೇಕು. ಆ ಭಾಗದ ಚರ್ಮ ನಂಜನ್ನು ಬೇಗ ಹೀರುತ್ತದೆ. ವೀರ್ಯಾಣು ಬೆಳೆದು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಇಂದಿನ ಹಾನಿ ಮುಂದಿನ ಹಂಗಾಮಿನಲ್ಲಿ ತೋರೀತು. ಮಕ್ಕಳಾಗದ ದಂಪತಿಗಳಲ್ಲಿ ಹೆಂಡತಿಯನ್ನೊಬ್ಬಳನ್ನೇ ಊರೂರು ಅಲೆಸುವ ಬದಲು ಗಂಡನ ವೀರ್ಯ ಪರೀಕ್ಷೆಯನ್ನು ಮೊದಲೇ ಮಾಡಿಸುವುದು ಲೇಸು. ಅದು ಸುಲಭ, ಖರ್ಚೂ ಕಡಿಮೆ. ಹೋಗುವಾಗ ತಾವು ಬಳಸುವ ಔಷಧಿಗಳ ಹೆಸರನ್ನು ಡಬ್ಬಿಯ ಚೀಟಿ ನೋಡಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು.