ಹಳ್ಳಿಯ ಸರಕಿಗೆ ಮೊಬೈಲ್ ಪೇಟೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಒಂದು ಹಳ್ಳಿಯ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದು ಬಂದಿದೆ ಎಂದರೆ ಅದು ಸಣ್ಣ ಮಾತಲ್ಲ. ಮೊದಲಿಗೆ ಅದಕ್ಕಾಗಿ ತಮ್ಮೆಲ್ಲರನ್ನೂ ಅಭಿನಂದಿಸುತ್ತೇನೆ. ಸಹಕಾರ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ರೈತನನ್ನು ಹಿಂಡುತ್ತಿದ್ದದ್ದು ಸಾಲ. ಇವತ್ತು ಸಾಲ ಕೊಡಲು ಸಂಘ ಇದೆ, ಬೆಳೆಯಲು ಕೈಯಿದೆ. ಆದರೆ ಮಾಡಿದ ಮಾಲಿಗೆ ಬೆಲೆ ಕಟ್ಟುವವರು ಮಾತ್ರ ಬೇರೆ ಯಾರೋ. ಈ ಮಾರಾಟದ ಕಷ್ಟಕ್ಕೆ ಮೊಬೈಲ್ ಫೋನು ಎಷ್ಟರ ಮಟ್ಟಿಗೆ ಪರಿಹಾರ ಎಂಬ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ಮಲೆನಾಡಿನ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಮುರುಗಲು, ಜೇನುತುಪ್ಪ ಇವೆಲ್ಲ ಪೇಟೆಗೆ ಹೋಗುತ್ತವೆ. ಅಲ್ಲಿ ಬೇರೆ ಚೀಟಿ ಅಂಟಿಸಿಕೊಂಡು ಕಪಾಟಿನಲ್ಲಿ ಕೂರುತ್ತವೆ. ಹಪ್ಪಳ ಒತ್ತಿದ ತಾಯಿಯ ಹೆಸರೂ ಅದರ ಮೇಲಿಲ್ಲ, ಊರಿನ ಹೆಸರೂ ಇಲ್ಲ. ತಿಂದವರಿಗೆ ರುಚಿ ಹಿಡಿಸಿದರೂ ಮತ್ತೆ ಯಾರನ್ನು ಕೇಳಬೇಕು ಅಂತ ಗೊತ್ತಾಗೋದಿಲ್ಲ. ನಷ್ಟ ಇರುವುದು ಅಲ್ಲೇ.

ಹೆಸರಿನಿಂದ ಏನಾಗ್ತದೆ ಎಂದು ಕೇಳಬಹುದು. 1959ರಲ್ಲಿ ಮುಂಬಯಿಯ ಗಿರಗಾಂವದ ಏಳು ಜನ ಹೆಂಗಸರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡಲು ಕೂತರು. ಅದೇ ಮುಂದೆ ಲಿಜ್ಜತ್ ಆಯಿತು. ನಮ್ಮ ಕರಾವಳಿಯ ಕಡೆ ನೋಡಿ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ ಸಂಸ್ಥೆ, ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ತಾನೇ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಆಗ ಇವರ್ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಇದ್ದದ್ದು ಒಂದು ಹೆಸರು, ಒಂದೇ ಹದದ ಮಾಲು, ಕೂಡಿ ದುಡಿಯುವ ಜನ. ಈ ಮೂರೂ ಇಲ್ಲದಿದ್ದರೆ ಮೊಬೈಲ್ ಬಂದರೂ ಪ್ರಯೋಜನವಿಲ್ಲ.

ಹಾಗಾದರೆ ಮೊಬೈಲ್ ಏನು ಮಾಡ್ತದೆ? ದೂರ ಕಡಿಮೆ ಮಾಡ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ರಾಜ್ಯದ ಮಾವು ಅಭಿವೃದ್ಧಿ ನಿಗಮವು ಅಂಚೆ ಇಲಾಖೆಯ ಜೊತೆ ಸೇರಿ, ಅಂತರ್ಜಾಲದಲ್ಲಿ ಬೇಡಿಕೆ ಪಡೆದು, ಬೆಳೆಗಾರರ ಮಾವಿನಹಣ್ಣನ್ನು ಬೆಂಗಳೂರಿನ ಮನೆಬಾಗಿಲಿಗೆ ತಲುಪಿಸಿತು. ಮಂಡಿಗೆ ಹೋಗಲಾಗದ ಹಣ್ಣು ನೇರ ಮನೆಗೆ ಹೋಯಿತು. ಅಂಚೆ ಪೆಟ್ಟಿಗೆ ನಮ್ಮ ಊರಲ್ಲೂ ಇದೆ, ಫೋನು ಮನೆಮನೆಯಲ್ಲೂ ಇದೆ.

ಈಗ ಕೆಲಸಕ್ಕೆ ಬರುವ ಕೆಲವು ಸಂಗತಿ ಹೇಳ್ತೇನೆ.

ಮೊದಲನೆಯದು ವಾಟ್ಸಾಪ್ ಬಿಸಿನೆಸ್. ಇದು 2018ರಲ್ಲಿ ನಮ್ಮ ದೇಶಕ್ಕೆ ಬಂದ ಉಚಿತ ಸೌಲಭ್ಯ. ಸಾಮಾನ್ಯ ವಾಟ್ಸಾಪ್‌ನಂತೆಯೇ ಇದ್ದರೂ ಇದರಲ್ಲಿ ಅಂಗಡಿಯ ಹೆಸರು, ವಿಳಾಸ, ತೆರೆಯುವ ಸಮಯ ಹಾಕಬಹುದು. ಮಾಲಿನ ಚಿತ್ರ ಮತ್ತು ಬೆಲೆಯ ಪಟ್ಟಿ ಇಡಬಹುದು. ವೈಯಕ್ತಿಕ ನಂಬರಿನ ಬದಲು ಇದಕ್ಕೇ ಒಂದು ನಂಬರ್ ಇಟ್ಟರೆ ಒಳ್ಳೆಯದು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಸುದ್ದಿ ಕಳಿಸಿದರೆ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಪ್ರತಿ ಗಿರಾಕಿಗೂ "ನಮ್ಮ ನಂಬರ್ ಇಟ್ಟುಕೊಳ್ಳಿ" ಅಂತ ಹೇಳುವುದನ್ನು ಮರೆಯಬಾರದು. ದಿನಾ ಬೆಳಿಗ್ಗೆ ಹೂವಿನ ಚಿತ್ರ, ಶುಭೋದಯ ಕಳಿಸಬೇಡಿ. ಬೇಸತ್ತು ನಂಬರ್ ತೆಗೆದುಬಿಡ್ತಾರೆ. ಹೊಸ ಹಪ್ಪಳ ಒಣಗಿತು, ಮಿಡಿ ಬಂತು ಅನ್ನುವಂಥ ಸುದ್ದಿ ಇದ್ದಾಗ ಕಳಿಸಿದರೆ ಸಾಕು.

ಎರಡನೆಯದು ಗೂಗಲ್ ನಕ್ಷೆ. ಪ್ರವಾಸಕ್ಕೆ ಬಂದವರು ದಾರಿ ಹುಡುಕುವುದು ಅದರಲ್ಲೇ. ಸಂಘದ ಮಳಿಗೆಯನ್ನು ಖರ್ಚಿಲ್ಲದೆ ಅಲ್ಲಿ ದಾಖಲಿಸಬಹುದು. ಹೆಸರು, ಸಮಯ, ಫೋನ್ ಸರಿಯಾಗಿರಲಿ. ಭಾನುವಾರ ರಜೆ ಇದ್ದರೆ ಹಾಗಂತ ಬರೆಯಿರಿ. ಬಾಗಿಲು ಹಾಕಿದ ಮಳಿಗೆಯ ಮುಂದೆ ನಿಂತು ಹೋದವನು ಮತ್ತೆ ಬರೋದಿಲ್ಲ. ಗಿರಾಕಿಗಳು ಅಲ್ಲಿ ಅಭಿಪ್ರಾಯ ಬರೀತಾರೆ. ದೂರು ಬರೆದರೆ ಸಿಟ್ಟಾಗದೆ ಉತ್ತರ ಕೊಡಿ, ಓದುವ ನೂರು ಜನ ಆ ಉತ್ತರವನ್ನೇ ನೋಡ್ತಾರೆ. ಮನೆಯವರಿಂದಲೇ ಗಿರಾಕಿ ಹೆಸರಲ್ಲಿ ಹೊಗಳಿಕೆ ಬರೆಸುವುದು ಬೇಡ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರ ಹಾಗೆ ಮಾಡುವಂತಿಲ್ಲ.

ಮೂರನೆಯದು ಚಿತ್ರ ಮತ್ತು ಬರಹ. ದೊಡ್ಡ ಕ್ಯಾಮೆರಾ ಬೇಕಿಲ್ಲ. ಬೆಳಗಿನ ಬಿಸಿಲಿನಲ್ಲಿ ಅಂಗಳದ ಚಾಪೆಯ ಮೇಲೆ ಹಪ್ಪಳ ಒಣಗುತ್ತಿರುವ ಚಿತ್ರವೇ ಸಾಕು. ಬರೆಯಲು ಏನಿದೆ ಅಂತ ಯುವಕರು ಕೇಳ್ತಾರೆ. ಗಿರಾಕಿ ಫೋನಿನಲ್ಲಿ ಕೇಳುವ ಪ್ರಶ್ನೆಗಳೇ ವಿಷಯ. ಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆ? ಜೋನಿಬೆಲ್ಲ ಯಾಕೆ ಹರಳುಗಟ್ಟುತ್ತದೆ? ಇಂಥದ್ದಕ್ಕೆ ಹತ್ತು ಸಾಲಿನ ಸರಳ ಉತ್ತರ, ನಮ್ಮ ಕನ್ನಡದಲ್ಲೇ, ಬರೆಯಿರಿ. ಹುಡುಕುವವರಿಗೆ ಅದು ಸಿಗುತ್ತದೆ, ಜೊತೆಗೆ ಊರಿನ ಹೆಸರೂ ಸಿಗುತ್ತದೆ.

ನಾಲ್ಕನೆಯದು ಲೆಕ್ಕ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಉದಾಹರಣೆಗೆ ನೂರು ಹಪ್ಪಳದ ಒಂದು ಕಟ್ಟಿಗೆ ಸಾಮಗ್ರಿ ಮತ್ತು ಕೂಲಿ 150, ಪೆಟ್ಟಿಗೆ 20, ಅಂಚೆ ಅಥವಾ ಕೊರಿಯರ್ 70, ಒಡೆದು ಹೋಗುವುದಕ್ಕೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 250 ಆಯಿತು. 220ಕ್ಕೆ ಮನೆಬಾಗಿಲಿಗೆ ಅಂತ ಜಾಹೀರಾತು ಹಾಕಿದರೆ ಪ್ರತಿ ಕಟ್ಟಿಗೂ 30 ರೂಪಾಯಿ ಕೈಯಿಂದ ಹೋಯಿತು. 290 ಇಟ್ಟರೆ 40 ಉಳಿಯಿತು. ನಮ್ಮ ತಾಯಂದಿರು ಸಾಮಾನ್ಯವಾಗಿ ಬೇಳೆ, ಉಪ್ಪು, ಎಣ್ಣೆಯ ಖರ್ಚು ಬರೀತಾರೆ, ತಮ್ಮ ಕೂಲಿ ಬರೆಯೋದೇ ಇಲ್ಲ. ಅದು ಬರೆಯದ ಲಾಭ ಲಾಭವಲ್ಲ.

ಹಣ ಕೊಟ್ಟು ಹಾಕುವ ಜಾಹೀರಾತಿಗೂ ಇದೇ ಲೆಕ್ಕ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಯಾವ ಊರಿನವರಿಗೆ ಕಾಣಿಸಬೇಕು, ಎಷ್ಟು ಹಣ ಖರ್ಚಾಗಬೇಕು ಅಂತ ನಾವೇ ನಿಗದಿ ಮಾಡಬಹುದು. 500 ರೂಪಾಯಿ ಹಾಕಿ ಐದು ಹೊಸ ಗಿರಾಕಿ ಬಂದರೆ ಒಬ್ಬರಿಗೆ 100 ರೂಪಾಯಿ ಬಿತ್ತು. ಕಟ್ಟಿಗೆ ಉಳಿಯುವುದು 40. ಅಂದರೆ ಅವರು ಮೂರು ಸಲ ಕೊಂಡರೆ ಮಾತ್ರ ಹಾಕಿದ ಹಣ ಮರಳಿ ಬಂತು. ಸಾವಿರ ಮೆಚ್ಚುಗೆ ಬಿತ್ತು ಅಂತ ಹಿಗ್ಗಬೇಡಿ. ಮೆಚ್ಚುಗೆಯಿಂದ ಒಲೆ ಉರಿಯೋದಿಲ್ಲ. ಎರಡನೇ ಸಲ ಕೇಳಿದವರೆಷ್ಟು, ಅದನ್ನು ಬರೆದಿಡಿ.

ಐದನೆಯದು ಕಾನೂನು ಮತ್ತು ಎಚ್ಚರ. ತಿನ್ನುವ ವಸ್ತು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಇಲ್ಲವೇ ಪರವಾನಗಿ ಪಡೆದು, ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ತಯಾರಕರ ವಿಳಾಸ, ತೂಕ, ದಿನಾಂಕ, ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರ್ ಇರಬೇಕು. ಇನ್ನು ಹಣದ ವಿಚಾರ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. "ದೊಡ್ಡ ಆರ್ಡರ್ ಇದೆ, ಮುಂಗಡ ಕಳಿಸ್ತೇನೆ, ಪಿನ್ ಒತ್ತಿ" ಅಂದವನು ಕೊಳ್ಳುವವನಲ್ಲ, ಕಳ್ಳ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ ಒಂದು ಮುಖ್ಯ ಮಾತು. ಈ ಜಾಲಗಳೆಲ್ಲ ಬಾಡಿಗೆ ಮನೆಯ ಹಾಗೆ. 2020ರ ಜೂನ್‌ನಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಲಕ್ಷಾಂತರ ಜನ ಕಟ್ಟಿಕೊಂಡಿದ್ದ ಅಭಿಮಾನಿ ಬಳಗ ಕಾಣದಾಯಿತು. ಗೂಗಲ್ ಸಣ್ಣ ಅಂಗಡಿಗಳಿಗೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ಜಾಲತಾಣಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು. ಮನೆ ಅವರದು, ಬೀಗವೂ ಅವರದು. ನಮ್ಮದಾಗಿ ಉಳಿಯುವುದು ಗಿರಾಕಿಯ ಹೆಸರು, ಊರು, ಫೋನ್ ಮತ್ತು ಅವರ ನಂಬಿಕೆ. ಆದ್ದರಿಂದ ಅವರ ಒಪ್ಪಿಗೆ ಕೇಳಿ ಆ ವಿವರವನ್ನು ಒಂದು ದಫ್ತರಿನಲ್ಲಿ ಬರೆದಿಡಿ, ಬೇರೆಯವರಿಗೆ ಕೊಡಬೇಡಿ.

ಇದನ್ನು ಒಬ್ಬೊಬ್ಬರೇ ಮಾಡುವುದು ಕಷ್ಟ. ಮಿಡಿ ಹೆಚ್ಚುವ ಕೈ ಫೋನು ಹಿಡಿಯಲಾರದು. ಸಂಘ ಮುಂದೆ ಬಂದು ಎಲ್ಲರ ಮಾಲಿಗೂ ಒಂದೇ ಹೆಸರು, ಒಂದೇ ಅಳತೆ, ಒಂದು ಫೋನು ಇಟ್ಟರೆ, ಅದಕ್ಕೆ ಉತ್ತರಿಸಲು ಓದಿದ ಒಬ್ಬ ಹುಡುಗನಿಗೋ ಹುಡುಗಿಗೋ ಊರಲ್ಲೇ ಕೆಲಸ ಕೊಟ್ಟರೆ, ಕೆಲಸ ಸುಲಭವಾಗ್ತದೆ. ಪೊಟ್ಟಣದ ಹಿಂದೆ ಮಾಡಿದವರ ಹೆಸರೂ ಇರಲಿ. ಒಬ್ಬರು ಕಳಪೆ ಮಾಲು ಹಾಕಿದರೆ ಎಲ್ಲರ ಹೆಸರೂ ಕೆಡುವುದರಿಂದ ಹದ ಪರೀಕ್ಷಿಸುವ ಕೆಲಸವೂ ಸಂಘದ್ದೇ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಹೇಳಿದ್ದಾರೆ. ಹತ್ತು ಬಗೆಯ ಮಾಲಿಗೆ ಕೈಹಾಕದೆ, ಮೊದಲ ವರ್ಷ ಒಂದೇ ಮಾಲನ್ನು ಚೆನ್ನಾಗಿ ಮಾಡಿ ಕಳಿಸೋಣ.

ಸಂಘವು ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ಈ ಊರಿನ ಹೆಸರು ದೂರದ ಮನೆಗಳ ಅಡುಗೆ ಕೋಣೆಯಲ್ಲಿ ಕೇಳಿಬರಲಿ ಎಂದು ಹಾರೈಸುತ್ತೇನೆ.